ಕಸ್ತೂರಿಯ ನಮೂನೆ ಪುಸ್ತಕ

ನಾನು ಹೊಲಿಗೆಯ ನಮೂನೆಗಳನ್ನು ಅಂಟಿಸುವ ಒಂದು ಪುಸ್ತಕ. ಹುಟ್ಟಿದ್ದು ಗದಗಿನ ಬೈಂಡಿಂಗ್ ಅಂಗಡಿಯಲ್ಲಿ. ಹೊಲಿಗೆ ಕಲಿಯುತ್ತಿದ್ದ ಕಸ್ತೂರಿ ನನ್ನನ್ನು ಕೊಂಡು, ಹಸಿ ಅಂಟು ಮೆತ್ತೀತೆಂಬ ಎಚ್ಚರವೂ ಇಲ್ಲದೆ ಎದೆಗವಚಿಕೊಂಡು ನಡೆದಳು. ಆಗ ಅವಳಿಗೆ ಹತ್ತೊಂಬತ್ತು, ಮದುವೆಯಾಗಿ ವರ್ಷವಷ್ಟೇ.

ಹೊಲಿಗೆ ಕೇಂದ್ರದಲ್ಲಿ ಕಲಿಸುತ್ತಿದ್ದ ಇಂದುಮತಿ ಅಕ್ಕೋರದು ಒಂದು ಪದ್ಧತಿ. ಬಟ್ಟೆಯ ಚೂರನ್ನು ಮೇಲಂಚಿಗೆ ಮಾತ್ರ ಅಂಟಿಸಬೇಕು. ಅವರು ಅದನ್ನೆತ್ತಿ, ಹಿಂಬದಿಯ ಹೊಲಿಗೆ ನೋಡಿ, ಆ ಬಟ್ಟೆಯ ಮೇಲೇ ಕೆಂಪು ಶಾಯಿಯಲ್ಲಿ ಅಂಕ ಬರೆದು ಸಹಿ ಹಾಕುವರು. "ಮುಂದಿನ ಚೆಂದ ಎಲ್ಲಾರೂ ಮಾಡ್ತಾರ" ಎನ್ನುವರು. ಹೆಮ್ಮಿಂಗ್, ಸರಪಳಿ ಹೊಲಿಗೆ, ಗುಂಡಿಯ ಕಾಜ... ಇಪ್ಪತ್ತನಾಲ್ಕು ನಮೂನೆಗಳಿಂದ ನನ್ನ ಮೈ ತುಂಬಿತು. ಪರೀಕ್ಷೆಯ ವಾರವೇ ಕಸ್ತೂರಿಗೆ ಹೆರಿಗೆಯಾಯಿತು. ನಾನು ಟ್ರಂಕಿನ ತಳ ಸೇರಿದೆ.

ಮಗಳು ಐದನೇ ತರಗತಿಗೆ ಬಂದ ವರ್ಷ ಟ್ರಂಕು ತೆರೆಯಿತು. ಕೇಂದ್ರದಲ್ಲಿ ಕಲಿಸಲು ಇನ್ನೊಬ್ಬರು ಬೇಕಾಗಿದ್ದರು. ಅದಕ್ಕೆ ಪ್ರಮಾಣಪತ್ರ ಬೇಕು. ಕಸ್ತೂರಿ ಮೊದಲಿನಿಂದ ಮತ್ತೆ ಸೇರಿದ್ದಳು. ಮನೆಗೆಲಸದ ನಡುವೆ ಒಂದು ನಮೂನೆಯನ್ನೂ ಹೊಲಿದಿರಲಿಲ್ಲ. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು.

"ಅಕ್ಕೋರ ಮೆಚ್ಚಿ ಸಹಿ ಮಾಡ್ಯಾರ, ಮತ್ಯಾಕ ಹೊಲೀಬೇಕು?" ಎಂದುಕೊಂಡು ನನ್ನ ಮೊದಲ ಎಂಟು ನಮೂನೆಗಳನ್ನು ಮೆಲ್ಲಗೆ ಬಿಡಿಸಿ ಹೊಸ ಪುಸ್ತಕಕ್ಕೆ ಅಂಟಿಸಿದಳು. ಉಳಿದವನ್ನು ಬಿಡಿಸಲು ಹೊತ್ತು ಸಾಲದೆ ನನ್ನನ್ನೂ ಜೊತೆಗೆ ಕೇಂದ್ರಕ್ಕೆ ಒಯ್ದಳು.

ಅಕ್ಕೋರು ಹೊಸ ಪುಸ್ತಕದ ಒಂದು ಚೂರನ್ನೆತ್ತಿದರು. ಅಲ್ಲಿ ಅವರದೇ ಮಾಸಿದ ಸಹಿ.

ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಶಹನಾಜ್ ಕಿಸಕ್ಕನೆ ನಕ್ಕಳು. "ಏನಬೇ ಅಕ್ಕಾ, ತಂಗಳ ರೊಟ್ಟಿ ಹೊಸ ಬುಟ್ಟ್ಯಾಗ ಇಟ್ಟಕೊಂಡ ಬಂದಿ?"

"ನಂದ ಐತಿ, ಯಾರದೂ ಕದ್ದಿಲ್ಲ!" ಕಸ್ತೂರಿಯ ಮುಖ ಕೆಂಪೇರಿತು.

"ಕದ್ದಿ ಅಂತ ಯಾರಂದ್ರವ್ವಾ?" ಅಕ್ಕೋರ ದನಿ ಮೆತ್ತಗಿತ್ತು. "ಇದಕ್ಕ ಒಮ್ಮೆ ಮಾರ್ಕ್ಸ್ ಕೊಟ್ಟೀನಿ. ಮತ್ತ ಹೆಂಗ ಕೊಡ್ಲಿ? ತಗೋ, ಈಗ ಒಂದು ಕಾಜಾ ಮಾಡು, ನೋಡೂಣು."

ದಾರ ಗಂಟುಬಿತ್ತು. ಕಾಜ ಬಾಯಿ ತೆರೆದುಕೊಂಡು ನಿಂತಿತು. ಹನ್ನೊಂದು ವರ್ಷ ರೊಟ್ಟಿ ಬಡಿದ ಕೈ ಸೂಜಿಯನ್ನು ಮರೆತಿತ್ತು. ಈ ಸಲ ಶಹನಾಜಳೂ ನಗಲಿಲ್ಲ.

ಮರುದಿನದಿಂದ ನಾನು ಒಲೆಯ ಕಟ್ಟೆಯ ಮೇಲೆ ತೆರೆದು ಕೂತೆ. ಕುಕ್ಕರ್ ಒಂದು ಸೀಟಿ ಹಾಕಿ ಇನ್ನೊಂದು ಹಾಕುವುದರೊಳಗೆ ನಾಲ್ಕು ಹೊಲಿಗೆ. ಕಸ್ತೂರಿ ನನ್ನ ಬಟ್ಟೆಗಳನ್ನು ತಿರುವಿ ತಿರುವಿ ನೋಡುವಳು. ಎಲ್ಲಿ ಸೂಜಿ ಹೊಕ್ಕಿದೆ, ಎಲ್ಲಿ ಗಂಟು ಅಡಗಿದೆ ಎಂದು ಬೆರಳಾಡಿಸುವಳು. "ಈ ಹುಡುಗಿ ಭಾಳ ಶ್ಯಾಣ್ಯಾಕಿ ಇದ್ದಳಲ್ಲ!" ಎಂದು ತನ್ನನ್ನೇ ಹೊಗಳಿಕೊಂಡು ನಗುವಳು. ಬಿಚ್ಚಿದ್ದೆಷ್ಟೋ, ಮತ್ತೆ ಹೊಲಿದದ್ದೆಷ್ಟೋ. ಇಪ್ಪತ್ತನಾಲ್ಕೂ ಮುಗಿದಾಗ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು.

ಪಾಸಾದಳು. ನಮೂನೆಗಳಿಗೆ ನನಗಿಂತ ಆರು ಅಂಕ ಕಡಿಮೆ.

ಈಗ ಅವಳೇ ಅಕ್ಕೋರು. ಹೊಸ ಹುಡುಗಿಯರಿಗೆ ತೋರಿಸಲು ಒಯ್ಯುವುದು ಆ ಆರು ಅಂಕ ಕಡಿಮೆಯ ಪುಸ್ತಕವನ್ನೇ. ಮಗಳು ಒಮ್ಮೆ ಕೇಳಿದಳು, "ಅವ್ವಾ, ಚೆಂದಂದು ಇಲ್ಲೇ ಬಿಟ್ಟ ಹೊಂಟೀಯಲ್ಲ?"

"ಚೆಂದಂದು ನೋಡಿದ್ರ ಹುಡುಗ್ಯಾರು ಅಂಜ್ತಾರ," ಎಂದು ಕಸ್ತೂರಿ ಚಪ್ಪಲಿ ಮೆಟ್ಟಿದಳು.

ನಾನು ಮನೆಯ ಹೊಲಿಗೆ ಮಿಷಿನ್ನಿನ ಖಾನೆಯಲ್ಲಿದ್ದೇನೆ. ಎಂಟು ಹಾಳೆಗಳಲ್ಲಿ ಬರೀ ಅಂಟಿನ ಕಲೆ. ಕೈಗೂ ಮರೆವುಂಟು, ಮರೆತದ್ದನ್ನು ಕೈಯೇ ಮತ್ತೆ ಕಲಿಯಬೇಕು. ಅದು ಕಲಿಯುವಾಗ ಪಕ್ಕದಲ್ಲಿದ್ದೆನಲ್ಲ, ಅಷ್ಟು ಸಾಕು ನನಗೆ.