ಏಳನೇ ಹೆಲ್ಮೆಟ್ಟು

ಹಳದಿ ಹೆಲ್ಮೆಟ್ಟಿನ ನೆತ್ತಿಯ ಮೇಲೊಂದು ಸುಣ್ಣದ ಬೊಟ್ಟು: ಆ ಹೊಳೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ಬೊಟ್ಟಿದ್ದವರು ನೀರಿನಲ್ಲಿ ತಲೆಕೆಳಗಾಗಿ ಹೊರಬಂದವರು. ಇಲ್ಲದವರು ಇನ್ನೂ ಆಗಬೇಕಾದವರು.

ನಮ್ಮ ಊರಿನ ಕಯಾಕ್ ಸಂಘ ವರ್ಷಕ್ಕೊಮ್ಮೆ ಹೊಸಬರನ್ನು ಎರಡು ದಿನ ಹೊಳೆಗೆ ಕರೆದೊಯ್ಯುತ್ತಿತ್ತು. ಕಯಾಕ್ ಎಂದರೆ ಒಬ್ಬರೇ ಕೂರುವ ಕಿರಿದಾದ ದೋಣಿ. ಒಳಗೆ ನೀರು ನುಗ್ಗದಂತೆ ಸೊಂಟದ ಸುತ್ತ ರಬ್ಬರಿನ ಮುಸುಕು ಬಿಗಿಯುತ್ತಾರೆ. ದೋಣಿ ಮಗುಚಿದರೆ ನೀರಿನೊಳಗೇ ಆ ಮುಸುಕಿನ ಪಟ್ಟಿ ಎಳೆದು ಹೊರಬರಬೇಕು. ಮೊದಲ ದಿನ ಪ್ರತಿಯೊಬ್ಬರೂ ಬೇಕೆಂದೇ ಮಗುಚಿ ಇದನ್ನು ಮಾಡಿ ತೋರಿಸಿದರೆ ಬೊಟ್ಟು. ಕಲಿಸುತ್ತಿದ್ದ ಪೂಣಚ್ಚನವರು ಹತ್ತು ಜನರ ಹೆಸರು ನೆನಪಿಡುವ ಗೋಜಿಗೆ ಹೋಗದೆ ಹೆಲ್ಮೆಟ್ಟಿನ ಅಂಕಿಯಿಂದಲೇ ಕರೆಯುತ್ತಿದ್ದರು. ನಾನು ಏಳು.

ಸಂಜೆ ಶಾಲೆಯಲ್ಲಿ ಓದಿದ ಅಭ್ಯಾಸ ನನ್ನದು. ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಪಟ್ಟಿ ಎಲ್ಲಿದೆ, ಯಾವ ಕೈಯಿಂದ ಎಳೆಯಬೇಕು, ಎಲ್ಲ ಬಾಯಿಪಾಠ. ಸರದಿ ಹತ್ತಿರ ಬಂದಾಗ ಮಾತ್ರ ಕಾಲು ನೀರಿಗಿಳಿಯಲಿಲ್ಲ.

ದಾಕ್ಷಾಯಣಕ್ಕ ಅದನ್ನು ಕಂಡರು. ಸಂಜೆ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಐವತ್ತರ ಹೆಂಗಸು, ಹೊಲಿಗೆ ಕೆಲಸದವರು. ನನ್ನನ್ನು ಈ ಸಂಘಕ್ಕೆ ಎಳೆದು ತಂದವರೂ ಅವರೇ.

"ಯಾಕೇ, ಮುಖ ಬಿಳಿಚ್ಕೊಂಡಿದೆ?"

"ಆಗಲ್ಲಕ್ಕ. ನಾನು ಮನೆಗೆ ಹೋಗ್ತೀನಿ."

"ಮನೇಲೇನು ಹಾಲು ಉಕ್ತಾ ಇದ್ಯಾ? ಕೊಡು ಇಲ್ಲಿ ನಿನ್ನ ಬುರುಡೆ."

ಪೊದೆಯ ಹಿಂದೆ ಅವರು ತಮ್ಮ ಹೆಲ್ಮೆಟ್ಟು ತೆಗೆದು ನನ್ನದನ್ನು ಹಾಕಿಕೊಂಡರು. ಆಗಲೇ ಒಮ್ಮೆ ಮಗುಚಿದ್ದವರು ನನ್ನ ಪಾಲಿನದನ್ನೂ ಮಗುಚಿದರು, ಮೊದಲಿಗಿಂತ ಚೆನ್ನಾಗಿ. "ಏಳನೇ ನಂಬರು ಮೀನು ಕಣ್ರೀ!" ಎಂದು ಪೂಣಚ್ಚ ನಡುಹೊಳೆಯ ಬಂಡೆಯ ಮೇಲಿಂದ ಕೂಗಿದರು. ದಡದಲ್ಲಿ ಸುಣ್ಣದ ಡಬ್ಬಿ ಹಿಡಿದು ಕೂತಿದ್ದವರು ಅಂಕಿ ನೋಡಿ ಬೊಟ್ಟಿಟ್ಟರು, ಮುಖ ನೋಡಲಿಲ್ಲ.

ಮರುದಿನ ಗುಡುಗುಬಂಡೆಗೆ ಬಂದೆವು. ಅಲ್ಲಿ ಹೊಳೆ ಎರಡು ಬಂಡೆಗಳ ನಡುವೆ ಇಕ್ಕಟ್ಟಾಗಿ ಕೆಳಗಿನ ಮಡುವಿಗೆ ಇಳಿಯುತ್ತದೆ. ದಾಕ್ಷಾಯಣಕ್ಕ ಬಂದದ್ದೇ ಅದಕ್ಕೆ. "ಮದ್ವೆಯಾಗಿ ಬಂದಾಗಿಂದ ಈ ಸದ್ದು ಕೇಳ್ತಾ ಬಟ್ಟೆ ಒಗ್ದಿದ್ದೀನಿ ಕಣೇ. ಒಂದ್ಸಲ ಇದರ ಬೆನ್ನ ಮೇಲೆ ಹೋಗ್ಬೇಕು" ಎಂದು ದಾರಿಯುದ್ದಕ್ಕೂ ಹೇಳಿದ್ದರು.

ಪೂಣಚ್ಚ ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ನಾನು ಕೆಳಗೆ ಮಡುವಿನಲ್ಲಿರ್ತೀನಿ. ಏಳು, ನೀವು ಕೊನೆಗೆ ಬನ್ನಿ. ಮುಂದಿನವರು ಮಗುಚಿದ್ರೆ ನಾನು ಬರೋವರೆಗೆ ನೀವು ಹಿಡ್ಕೋಬೇಕು."

ನನ್ನ ಮುಂದಿದ್ದವರು ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಬಡಕಲು ಮೇಷ್ಟ್ರು. ನನ್ನ ಬೊಟ್ಟನ್ನು ನೋಡಿ, "ಹಿಂದೆ ನೀವಿದ್ದೀರಲ್ಲ, ಧೈರ್ಯ ಬಂತು" ಎಂದು ನಕ್ಕರು. ಆ ನಗೆಯನ್ನು ನನ್ನಿಂದ ಸಹಿಸಲಾಗಲಿಲ್ಲ.

"ಸಾರ್, ಈ ಬೊಟ್ಟು ನನ್ನದಲ್ಲ. ನಾನು ಮಗುಚಲೇ ಇಲ್ಲ."

"ಸುಮ್ನಿರೇ!" ದಾಕ್ಷಾಯಣಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಮತ್ತೆ ಯಾರು ಮಗುಚಿದ್ದು?" ಎಂದರು ಪೂಣಚ್ಚ.

ನಿಜ ಹೇಳಬೇಕೆಂದು ಬೆಳಗಿನಿಂದ ಹೆಣಗುತ್ತಿದ್ದ ನಾನು ಈ ಪ್ರಶ್ನೆ ಬರುತ್ತದೆಂದು ಯೋಚಿಸಿಯೇ ಇರಲಿಲ್ಲ. ಕೊನೆಗೆ ದಾಕ್ಷಾಯಣಕ್ಕನೇ ಕೈಯೆತ್ತಿದರು.

ಪೂಣಚ್ಚ ಬೈಯಲಿಲ್ಲ. ಹೆಬ್ಬೆರಳನ್ನು ನೀರಿಗದ್ದಿ ನನ್ನ ಬೊಟ್ಟನ್ನು ಒರೆಸಿದರು, ಅನಂತರ ಅಕ್ಕನದನ್ನೂ. "ಇಬ್ಬರೂ ದಡದಲ್ಲಿ ನಡ್ಕೊಂಡು ಬನ್ನಿ."

ನಮ್ಮ ನಮ್ಮ ದೋಣಿ ಎಳೆದುಕೊಂಡು ನಡೆದೆವು. ಪಕ್ಕದಲ್ಲೇ ಒಬ್ಬೊಬ್ಬರಾಗಿ ಇಳಿಯುತ್ತಿದ್ದವರ ಕೇಕೆ ಕೇಳುತ್ತಿತ್ತು. ದಾಕ್ಷಾಯಣಕ್ಕ ಒಂದೇ ಸಲ ಮಾತಾಡಿದರು: "ನಿನ್ನ ಮನಸ್ಸು ಹಗುರ ಆಯ್ತಾ?" ಆಗಿತ್ತು. ನನಗೆ ನಾಚಿಕೆಯಾದದ್ದೇ ಅದಕ್ಕೆ.

ಮಡು ತಲುಪಿದವಳೇ ಪೂಣಚ್ಚನವರ ಬಳಿ ಹೋಗಿ, "ಈಗ ಮಗುಚ್ತೀನಿ ಸಾರ್" ಎಂದೆ. ಅವರು ಎದೆಮಟ್ಟದ ನೀರಿನಲ್ಲಿ ನನ್ನ ಪಕ್ಕ ನಿಂತರು. ಒಳಗೆ ಹಸಿರುಗತ್ತಲೆ, ಮೂಗಿನ ತುಂಬ ನೀರು. ಪಟ್ಟಿ ನನ್ನ ಚೀಟಿಯಲ್ಲಿ ಬರೆದಿದ್ದ ಕಡೆ ಇರಲಿಲ್ಲ. ಎರಡು ಸಲ ತಡಕಾಡಿದೆ, ಮೂರನೆಯ ಸಲ ಬೆರಳಿಗೆ ಸಿಕ್ಕಿತು. ಕೆಮ್ಮುತ್ತ ಮೇಲೆದ್ದಾಗ ಮೇಷ್ಟ್ರು ಚಪ್ಪಾಳೆ ತಟ್ಟುತ್ತಿದ್ದರು.

"ನನಗೆ ಗುಡುಗುಬಂಡೆ ಇಳಿಯೋದು ಬೇಡ ಸಾರ್," ಎಂದೆ. "ಅಕ್ಕ ನಿನ್ನೆ ಎರಡು ಸಲ ಮಗುಚಿದ್ರು. ಅದರಲ್ಲಿ ಒಂದು ಅವರದ್ದೇ ಅಲ್ವಾ?"

ಪೂಣಚ್ಚ ಆಕಾಶ ನೋಡಿದರು. ಇನ್ನೂ ಬಿಸಿಲಿತ್ತು. "ದೋಣಿಯನ್ನ ಮತ್ತೆ ಮೇಲಕ್ಕೆ ಹೊರೋರು ಯಾರಮ್ಮಾ?"

"ನಾನು."

ದಾಕ್ಷಾಯಣಕ್ಕ ಸೆರಗಿಲ್ಲದ ಸೊಂಟಕ್ಕೆ ಸೆರಗು ಸಿಕ್ಕಿಸುವವರಂತೆ ಕೈ ಆಡಿಸಿ ಎದ್ದರು. "ಕೋಪ ಹೋಗಿಲ್ಲ ನಂಗೆ. ಹಿಂದಿನ ತುದಿ ಹಿಡ್ಕೋ."

ದೋಣಿಯ ಮುಂದಿನ ತುದಿ ಅವರ ಹೆಗಲ ಮೇಲೆ, ಹಿಂದಿನದು ನನ್ನ ಹೆಗಲ ಮೇಲೆ. ಕಾಲುದಾರಿ ಏರಿದಂತೆ ನೀರಿನ ಮೊರೆತ ಹೆಚ್ಚಿ ಮಾತಿಗೆ ಎಡೆಯಿರಲಿಲ್ಲ. ಮರದ ಬೇರುಗಳು ಅಡ್ಡಬಂದ ಕಡೆ ಅವರು ಹಿಂದೆ ತಿರುಗದೆ ನಿಂತರು; ನಾನು ದಾಟಿದ್ದು ಅವರ ಹೆಗಲಿಗೆ ತಿಳಿದ ಮೇಲೆ ಮುಂದಿನ ಹೆಜ್ಜೆ ಇಟ್ಟರು.