ಹಗ್ಗ ಮುಟ್ಟಿದವರು

"ಮಳೆ ಇಲ್ಲ, ಮೋಡ ಇಲ್ಲ, ಈ ನೀರು ಬಂದದ್ದಾದರೂ ಎಲ್ಲಿಂದ?"

ತಿಮ್ಮಣ್ಣ ಯಾರನ್ನೂ ಕೇಳಿದ್ದಲ್ಲ. ಕೇಳಿಸಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ. ತಾಮ್ರದ ಚೊಂಬು ಹಿಡಿದು ಅಳಿವೆಯ ಮರಳಿನ ಮೇಲೆ ನಿಂತಿದ್ದರು. ಬೆಳಗಾಗುವಾಗ ಗಾರೆ ಹಾಕಿದಂತೆ ಗಟ್ಟಿಯಿದ್ದ ಮರಳಿನಲ್ಲಿ ಈಗ ಹಿಮ್ಮಡಿ ಇಳಿಯುತ್ತಿತ್ತು. ಎಡಕ್ಕೆ ಕಡಲು, ಬಲಕ್ಕೆ ಕಡಲು ಸೇರಲು ಬರುವ ಹೊಳೆ. ಆ ಹೊಳೆ ಹಿಂದಕ್ಕೆ ಹರಿಯುತ್ತಿತ್ತು.

ಬೆನ್ನ ಹಿಂದೆ ಅವರ ಗಾಡಿ. ಹಳೆಯ ಟೆಂಪೋ ಟ್ರಾವೆಲರಿನ ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ ಮಗಳು ಶ್ರೀರಕ್ಷಾ ಕೊಪ್ಪದ ಗ್ಯಾರೇಜಿನಲ್ಲಿ ಮಾಡಿಸಿದ ಕ್ಯಾರವಾನ್. ಒಳಗೆ ಮಂಚದ ಮೇಲೆ ಹೆಂಡತಿ ಅನ್ನಪೂರ್ಣೇಶ್ವರಿ. ದೀಪಾವಳಿಗೆ ಮುಂಚೆ ಬಚ್ಚಲಲ್ಲಿ ಜಾರಿ, ಸೊಂಟಕ್ಕೆ ರಾಡು ಹಾಕಿಸಿಕೊಂಡು ಮಲಗಿದವಳು. ಮಾಘದ ಹುಣ್ಣಿಮೆಗೆ ಸಮುದ್ರಸ್ನಾನ ಮಾಡುತ್ತೇನೆಂದು ದೇವರಿಗೆ ಹೇಳಿಕೊಂಡಿದ್ದಳು. ಕಾಲೂರಲು ಆಗದಿದ್ದರೂ ಹೇಳಿಕೊಂಡದ್ದು ಹೇಳಿಕೊಂಡದ್ದೇ. ಊರಾದ ಮೆಣಸೆಯಲ್ಲಿ, ಮನೆಯ ಅಂಗಳದಲ್ಲಿ ನಾಲ್ಕು ಜನ ಹಲಗೆಯ ಸಮೇತ ಎತ್ತಿ ಅವಳನ್ನು ಗಾಡಿಗೆ ಏರಿಸಿದ್ದರು.

ರಾತ್ರಿ ಕಳೆದದ್ದು ಮೇಲೆ, ಗಾಳಿಮರಗಳ ನಡುವಿನ ಕ್ಯಾಂಪಿನಲ್ಲಿ. ಗಾಡಿಯನ್ನು ಮರ ದಾಟಿ ಕೆಳಗೆ ಇಳಿಸಬೇಡಿ ಎಂದು ಕ್ಯಾಂಪಿನವನು ಹೇಳಿಯೇ ಇದ್ದ. ಆದರೆ ಬೆಳಕು ಹರಿಯುವಾಗ ತಿಮ್ಮಣ್ಣ ಕಂಡದ್ದೇ ಬೇರೆ. ನೀರು ಎಷ್ಟೋ ದೂರ ಸರಿದು ನೆಲ ಬಯಲಾಗಿತ್ತು. ಹೋದ ಬೇಸಿಗೆಯಲ್ಲಿ ನರಸಿಂಹರಾಜಪುರದ ಹತ್ತಿರ, ಭದ್ರಾ ಹಿನ್ನೀರು ಇಳಿದ ಬಯಲಲ್ಲಿ ಇದೇ ಗಾಡಿ ನಿಲ್ಲಿಸಿ ಮಲಗಿದ್ದರು. ಬೇಸಿಗೆಯಲ್ಲಿ ಇಳಿದ ನೀರು ಮಳೆಗಾಲದವರೆಗೆ ತಿರುಗಿ ಬರುವುದಿಲ್ಲ ಎಂಬುದು ಹುಟ್ಟಿದಾಗಿನಿಂದ ಕಂಡ ಸತ್ಯ. ಮಂಚದಿಂದಲೇ ಅವಳಿಗೆ ಕಡಲು ಕಾಣಲಿ, ಚೊಂಬಿನಲ್ಲಿ ತಂದು ತಲೆಗೆ ಹಾಕಿದರಾಯಿತು ಎಂದು, ಮಗಳು ಬೇಡ ಬೇಡವೆಂದರೂ ಕೇಳದೆ ಗಾಡಿ ಇಳಿಸಿದ್ದರು.

ಗಾಡಿ ಗುರುಗುಟ್ಟಿತು. ಹಿಂದಿನ ಚಕ್ರ ಸುತ್ತಿ ಮರಳು ಹಾರಿಸಿ ಇನ್ನಷ್ಟು ಹೂತುಕೊಂಡಿತು. ಶ್ರೀರಕ್ಷಾ ಇಂಜಿನ್ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಳು.

"ಅಪ್ಪಾ, ಕ್ಯಾಂಪಿನವನಿಗೆ ಫೋನ್ ಮಾಡಿದೆ. ಪೇಟೆಗೆ ಹೋಗಿದಾನಂತೆ. ಟ್ರ್ಯಾಕ್ಟರ್ ಕಳಿಸ್ತೀನಿ, ಮುಕ್ಕಾಲು ಗಂಟೆ ಆಗುತ್ತೆ ಅಂದ."

"ಆಗ್ಲಿ, ಕಾಯಣ."

"ಮುಕ್ಕಾಲು ಗಂಟೆಗೆ ನೀರು ಎಲ್ಲಿರುತ್ತೆ ಅಂತ ಕೇಳಿದೆ. ಮೊದ್ಲು ಒಳಗಿರೋರನ್ನ ಇಳಿಸಿ ಅಂದ."

ಅಷ್ಟು ಹೇಳುವಾಗ ಒಂದು ತೆರೆ ಬಂದು ಮುಂದಿನ ಚಕ್ರ ಮುಟ್ಟಿ ಹಿಂದೆ ಹೋಯಿತು. ಗಾಡಿ ಕಡಲಿನ ಕಡೆಗೆ ಸ್ವಲ್ಪ ವಾಲಿತು. ಬಾಗಿಲಿದ್ದದ್ದೂ ಅದೇ ಕಡೆ. ಹಿಂದಿನ ಬಾಗಿಲಿಗೆ ಒಲೆಯ ಕಪಾಟು ಹೊಡೆದು ಮುಚ್ಚಿಬಿಟ್ಟಿದ್ದರು.

ಅಪ್ಪ ಮಗಳು ಸೇರಿ ಮಲಗಿದ್ದವಳನ್ನು ಎತ್ತಿ ನೋಡಿದರು. ಹಲಗೆ ಬಾಗಿಲಿಗೆ ಓರೆಯಾಗುತ್ತಿದ್ದಂತೆ ಅನ್ನಪೂರ್ಣೆ ಕಿರುಚಿಕೊಂಡಳು. ಯಾವ ನೋವಿಗೂ ಹಲ್ಲು ಕಚ್ಚಿ ಸುಮ್ಮನಿರುವ ಹೆಂಗಸು ಹಾಗೆ ಕೂಗಿದ್ದನ್ನು ತಿಮ್ಮಣ್ಣ ಹಿಂದೆ ಕೇಳಿರಲಿಲ್ಲ. ಮತ್ತೆ ಮಂಚಕ್ಕೇ ಮಲಗಿಸಿದರು.

"ನನ್ನ ಸ್ನಾನಕ್ಕೆ ಕಡಲೇ ಹೊರಟು ಬಂದ ಹಾಗಿದೆ," ಎಂದಳು ಅವಳು, ಉಸಿರು ತಿರುಗಿದ ಮೇಲೆ.

"ಹೋಗಿ ಅಪ್ಪಾ, ಅವರನ್ನ ಕರೀರಿ!" ಶ್ರೀರಕ್ಷಾ ಬೆರಳು ತೋರಿಸಿದಳು.

ಕೂಗಳತೆಯಲ್ಲಿ ಜನವಿದ್ದರು. ಬೆಳಗ್ಗೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟುಬಂದ ಮೀನುಗಾರರು. ಬಲೆಯ ಎರಡು ತುದಿಯ ಹಗ್ಗ ಹಿಡಿದು, ಎರಡು ಸಾಲಾಗಿ ದಡಕ್ಕೆ ಎಳೆಯುತ್ತಿದ್ದರು. ತಿಮ್ಮಣ್ಣ ಓಡಿದರು. ಪಂಚೆ ನೆನೆದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

ಸಾಲಿನ ತುದಿಯಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಎಲ್ಲರಿಗೂ ಕೂಗಿ ಹೇಳುತ್ತಿದ್ದಳು. ಮುತ್ತಕ್ಕ ಎಂದು ಕರೆಯುತ್ತಿದ್ದರು.

"ಹ್ವಾಯ್, ಹುಣ್ಣಿಮೆ ಉಬ್ಬರದ್ ದಿನ ಗಾಡಿ ತಕಂಡ್ ಬಂದ್ ಅಳಿವೆಯಂಗ್ ನಿಲ್ಸುದಾ? ಯಾವೂರು ಮರಾಯ್ರೆ?"

"ಶೃಂಗೇರಿ ಹತ್ರ. ತಾಯೀ, ಒಳಗೆ ನನ್ನ ಹೆಂಡ್ತಿ ಇದಾಳೆ. ಏಳಕ್ಕಾಗಲ್ಲ ಅವಳಿಗೆ. ನಾಲ್ಕು ಜನ ಬಂದ್ರೆ ಸಾಕು."

ಮುತ್ತಕ್ಕನ ಮುಖದ ನಗೆ ಅಳಿಸಿಹೋಯಿತು. ಗಾಡಿಯನ್ನೂ ತೆರೆಯನ್ನೂ ಒಮ್ಮೆ ಅಳೆದು ನೋಡಿದಳು. ಸಾಲಿನಿಂದ ಒಬ್ಬಳು ಹುಡುಗಿಯನ್ನು ಕರೆದು, "ಓಡ್, ಆ ಅಮ್ಮನ ಹತ್ರ ಕೂತ್ಕೋ. ನೀರು ಗಾಡಿ ಮೆಟ್ಲು ಮುಟ್ರೆ ಕೂಗ್," ಎಂದಳು. ಆಮೇಲೆ ತಿಮ್ಮಣ್ಣನ ಕಡೆ ತಿರುಗಿದಳು.

"ಕಾಣಿ, ನೀರು ಮೆಟ್ಲಿಗೆ ಬಪ್ಪುಕೆ ಇನ್ನೂ ಹೊತ್ತಿತ್. ಈಗ ನಾಲ್ಕ್ ಜನ ಬಿಟ್ಟ್ರೆ ಬಲೆ ಅಗೋ ಆ ಬಂಡೆಗೆ ಹೋತ್ತ್. ಹರಿದ್ರೆ ಇಪ್ಪತ್ ಮನೆಗೆ ಅನ್ನ ಇಲ್ಲೆ. ಇವತ್ತ್ ಜನವೂ ಕಮ್ಮಿ. ನೀವ್ ಹಗ್ಗ ಹಿಡೀರಿ. ಬಲೆ ಬೇಗ ದಡ ಹತ್ಲಿ. ಹತ್ತಿದ್ದೇ ಎಲ್ಲಾ ಒಟ್ಟಿಗೆ ಬತ್ರ್."

ತಿಮ್ಮಣ್ಣನ ಕೈ ಮುಂದಕ್ಕೆ ಬರಲಿಲ್ಲ.

ಶೃಂಗೇರಿಯ ದೇವಿ ಗುಡಿಯ ಕೆಳಗೆ, ತುಂಗೆಯ ಮೆಟ್ಟಿಲಲ್ಲಿ ಅಜ್ಜನ ಬೆರಳು ಹಿಡಿದು ನಿಂತ ವಯಸ್ಸಿನಿಂದ ಮೀನುಗಳಿಗೆ ಮಂಡಕ್ಕಿ ಹಾಕಿದ ಕೈ ಅದು. ಕೈಯ ನೆರಳು ಬಿದ್ದರೆ ಸಾಕು, ಕರಿಯ ಬೆನ್ನುಗಳು ಒಂದರ ಮೇಲೊಂದು ಏರಿ ಬಾಯಿ ತೆರೆಯುತ್ತಿದ್ದವು. ಅವು ಅಮ್ಮನವರ ಮಕ್ಕಳು, ಅವುಗಳಿಗೆ ನೋವಾದರೆ ಅವಳಿಗೆ ನೋವು ಎಂದು ಅಜ್ಜ ಹೇಳಿಕೊಟ್ಟಿದ್ದರು. ಆ ಮಾತನ್ನು ತಿಮ್ಮಣ್ಣ ಈವರೆಗೆ ಯಾರ ಮುಂದೆಯೂ ವಾದಿಸಿದವರಲ್ಲ, ಬಿಟ್ಟವರೂ ಅಲ್ಲ.

"ಬೇರೆ ಏನಾದ್ರೂ ಹೇಳಿ ತಾಯೀ. ನಾವು... ನಮ್ಮ ಕಡೆ ಮೀನು ಹಿಡಿಯೋದು..."

"ಬೇರೆ ಎಂತ ಹೇಳುದ್? ಭಜನೆ ಮಾಡಿ ಅಂಬುದಾ?" ಸಾಲಿನಲ್ಲಿದ್ದ ಗಂಡಸೊಬ್ಬ ಹಲ್ಲು ಬಿಗಿಹಿಡಿದು ಕೂಗಿದ. ಅವನ ಭುಜದ ನರಗಳು ಹಗ್ಗದಷ್ಟೇ ಬಿಗಿದಿದ್ದವು.

ಅತ್ತ ಇನ್ನೊಂದು ತೆರೆ ಎದ್ದಿತು. ಗಾಡಿ ಇನ್ನಷ್ಟು ವಾಲಿ, ಅದರ ಕನ್ನಡಿಯಲ್ಲಿ ಮಿಂಚುತ್ತಿದ್ದ ಬಿಸಿಲು ಬೇರೆ ಕಡೆಗೆ ಹೊರಳಿತು. "ಅಪ್ಪಾ!" ಎಂಬ ಕೂಗು ಗಾಳಿಯಲ್ಲಿ ಅರ್ಧವೇ ಕೇಳಿಸಿತು.

ತಿಮ್ಮಣ್ಣ ಹಗ್ಗ ಹಿಡಿದರು.

ಒದ್ದೆ ಹಗ್ಗ ಅಂಗೈ ಸುಟ್ಟಿತು. ಮುಂದಿನವನು ವಾಲಿದಾಗ ವಾಲುವುದು, ಹಿಂದೆ ಹೆಜ್ಜೆ ಊರುವುದು, ಮತ್ತೆ ವಾಲುವುದು. ಸಾಲಿನವರು ಒಂದು ಸೊಲ್ಲು ಕೂಗಿ ಎಳೆಯುತ್ತಿದ್ದರು. ತಿಮ್ಮಣ್ಣನ ಬಾಯಿಗೆ ಬಂದದ್ದು ದಿನಾ ಬೆಳಗ್ಗೆ ಹೇಳುವ ದೇವಿಯ ಹೆಸರುಗಳು. ಒಂದು ಹೆಸರಿಗೆ ಒಂದು ಎಳೆತ. ಹೀಗೆ ಹೇಳಬಾರದು, ಈ ಕೆಲಸಕ್ಕೆ ಈ ಹೆಸರಲ್ಲ ಎಂದು ಗೊತ್ತಿತ್ತು. ನಿಲ್ಲಿಸಿದರೆ ಕೈಯೂ ನಿಲ್ಲುತ್ತಿತ್ತು. ಹಾಗಾಗಿ ನಿಲ್ಲಿಸಲಿಲ್ಲ. ಹಗ್ಗದ ಆ ತುದಿಯಲ್ಲಿ ಏನೋ ಒದ್ದಾಡುವುದು ಅಂಗೈಗೆ ತಿಳಿಯುತ್ತಿತ್ತು.

"ನೀರು ಮೆಟ್ಲಿಗೆ ಬಂತ್!" ಗಾಡಿಯ ಕಡೆಯಿಂದ ಹುಡುಗಿ ಕೂಗಿದಳು.

"ಎಳೀರಿ! ಸತ್ತರ್ ಹಾಂಗೆ ಎಂತಕ್ ನಿಂತಿದ್ರಿ?" ಮುತ್ತಕ್ಕ ತಾನೂ ಹಗ್ಗಕ್ಕೆ ಜೋತುಬಿದ್ದಳು.

ಬಲೆಯ ಹೊಟ್ಟೆ ಮರಳಿಗೆ ಉಜ್ಜಿತು, ಏರಿತು, ನಿಂತಿತು. ಅದನ್ನು ಬಿಚ್ಚಲು ಯಾರೂ ನಿಲ್ಲಲಿಲ್ಲ. ಮುತ್ತಕ್ಕ ಕೈಬೀಸಿದ್ದೇ ಎರಡೂ ಸಾಲಿನವರು ಗಾಡಿಯ ಕಡೆ ಓಡಿದರು. ಆರು ಗಂಡಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಹಲಗೆಯನ್ನು ಅಲುಗದಂತೆ ಹೊರತೆಗೆದರು. ಅನ್ನಪೂರ್ಣೆಯ ಮೇಲೆ ತೆರೆಯೊಂದು ಸಿಡಿದು ಅವಳ ಹಣೆ, ಕೂದಲು ತೊಯ್ದವು. ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಗಾಡಿಯ ಕೊಕ್ಕೆಗೆ ಹಗ್ಗ ಬಿಗಿದು, ಶ್ರೀರಕ್ಷಾ ಸ್ಟೇರಿಂಗ್ ಹಿಡಿದು, ಅಷ್ಟೂ ಜನ ಅದೇ ಸೊಲ್ಲಿಗೆ ಎಳೆದರು. ಗಾಡಿ ಕೆಸರುಗದ್ದೆಯಿಂದ ಏಳುವ ಎಮ್ಮೆಯಂತೆ ಎದ್ದು ದಡಕ್ಕೆ ಬಂತು.

ಗಾಳಿಮರದ ನೆರಳಲ್ಲಿ ಹೆಂಡತಿಯ ಕಾಲು ಒರೆಸಿ ತಿಮ್ಮಣ್ಣ ತಲೆ ಎತ್ತುವಾಗ ಮುತ್ತಕ್ಕ ಎದುರಿಗೆ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಬಕೆಟು. ಅದನ್ನು ಅವರ ಪಾದದ ಹತ್ತಿರ ಇಟ್ಟಳು. ಒಳಗೆ ಬಂಗಡೆ, ಬೂತಾಯಿ ಮೀನುಗಳು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು.

"ಇದೆಂತಕ್ಕೆ?"

"ನಿಮ್ಮ ಪಾಲು. ಹಗ್ಗ ಮುಟ್ಟಿದರಿಗೆಲ್ಲಾ ಇತ್ತ್."

ತಿಮ್ಮಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ನಂಗೆ ಬೇಡ ತಾಯೀ. ನಿಮ್ಮಲ್ಲೇ ಯಾರಿಗಾದ್ರೂ ಕೊಡಿ."

"ಯಾರಿಗ್ ಬೇಕಾರೂ ಕೊಡಿ, ಅದ್ ನಿಮ್ಮಿಷ್ಟ. ಕೊಡುದು ಮಾತ್ರ ನಿಮ್ಮ ಕೈಯಿಂದ್ಲೇ."

"ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ." ಸುಲಿದ ಅಂಗೈಗಳನ್ನು ಜೋಡಿಸಿ ನಿಂತರು. "ಒಂದೇ ಒಂದು ಕೇಳ್ತೀನಿ, ನಡೆಸಿಕೊಡಿ. ನಾನು ಎಳೆದದ್ದನ್ನ ಲೆಕ್ಕಕ್ಕೆ ಹಿಡೀಬೇಡಿ. ಪಕ್ಕದಲ್ಲಿ ಸುಮ್ನೆ ನಿಂತಿದ್ದ ಅಂತ ಹೇಳ್ಬಿಡಿ. ಅಷ್ಟು ಸಾಕು."

ಮುತ್ತಕ್ಕ ಅವರ ಅಂಗೈಯನ್ನು ನೋಡಿದಳು, ಹಲಗೆಯ ಮೇಲೆ ಒದ್ದೆಗೂದಲಲ್ಲಿ ಮಲಗಿದ್ದ ಅನ್ನಪೂರ್ಣೆಯನ್ನು ನೋಡಿದಳು. ಬಕೆಟನ್ನು ಇನ್ನೊಂದಿಷ್ಟು ಮುಂದಕ್ಕೆ ತಳ್ಳಿದಳು.

"ಇಲ್ಲೆ ಅಯ್ಯಾ," ಎಂದಳು. "ಹಾಂಗ್ ಹೇಳೂಕೆ ನನ್ನಿಂದ ಆತಿಲ್ಲೆ."