ಮಾವ ಬಿಗಿದ ನಟ್ಟು

"ಉಂಡ ಮನೆಗೇ ಎರಡು ಬಗೀತೀಯೇನೋ, ದರಿದ್ರದವನೇ! ನಾನು ಬಿಗಿದ ನಟ್ಟನ್ನ ನನ್ನ ಬೆನ್ನ ಹಿಂದೆ ಬಿಚ್ತೀಯಾ? ಚಕ್ರ ಕಳಚಿ ಯಾರಾದ್ರೂ ಸಾಯ್ಲಿ ಅಂತಾನಾ?"

ಮಾವನ ಗಂಟಲು ಶೆಡ್ಡಿನ ತಗಡಿಗೆ ಬಡಿದು ಇಮ್ಮಡಿಯಾಗಿ ಕೆಳಗೆ ಬಿತ್ತು. ವೆಲ್ಡರ್ ಮುಖವಾಡ ಮೇಲೆತ್ತಿದ. ಲೋಡಿಗೆ ಕಾಯುತ್ತಿದ್ದ ಡ್ರೈವರುಗಳು ಬಾಯಿಗೆ ಹೋಗುತ್ತಿದ್ದ ಲೋಟಗಳನ್ನು ಅರ್ಧದಲ್ಲೇ ನಿಲ್ಲಿಸಿದರು. ಟ್ರೇಲರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಸೋದರಳಿಯನ ಒಂದು ಕೈಯಲ್ಲಿ ಪಿನ್ನು, ಇನ್ನೊಂದರಲ್ಲಿ ನಟ್ಟು ಬಿಚ್ಚುವ ಪಾನಾ. ಇನ್ನು ಏನು ಹೇಳಿದರೂ ಕಳ್ಳನಿಗೊಂದು ಪಿಳ್ಳೆನೆವ ಅಷ್ಟೇ.

ಆ ಶೆಡ್ಡಿನಲ್ಲೊಂದು ಪದ್ಧತಿ. ಚಕ್ರದ ನಡುವಿನ ಹಬ್ಬು ಬಿಚ್ಚುವುದು, ಹಳೇ ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆಯುವುದು, ಅಂಗೈ ತುಂಬ ಹೊಸ ಗ್ರೀಸು ಇಟ್ಟುಕೊಂಡು ಬೇರಿಂಗಿನ ಉರುಳೆಗಳ ಸಂದಿಯಿಂದ ಅದು ಉಕ್ಕುವ ತನಕ ಒತ್ತುವುದು, ಸೀಲು ಕೂರಿಸುವುದು, ಎಲ್ಲ ಅಳಿಯನ ಪಾಲು. ಕೊನೆಯ ಬಿಗಿತ ಮಾತ್ರ ಮಾವನದು. ಮಾವ ಅಂಗಿಯ ತೋಳು ಮಡಿಸಿಕೊಂಡು ಬರುತ್ತಾನೆ, ಪಾನಾದ ಹಿಡಿಗೆ ಪೈಪು ಸಿಕ್ಕಿಸುತ್ತಾನೆ, ಹಲ್ಲು ಕಚ್ಚಿ ಎಳೆಯುತ್ತಾನೆ, ನಟ್ಟು ಕದಲದಂತೆ ಪಿನ್ನು ಹಾಕಿ ಟೈರಿಗೆ ತಟ್ಟುತ್ತಾನೆ. "ಹೋಗು, ಇನ್ನು ಭೂಮಿ ಸುತ್ಕೊಂಡು ಬಾ." ಮಾವನ ಕೈ ಬೀಳದೆ ಟ್ರೇಲರು ಹೊರಡಿಸುವ ಡ್ರೈವರು ಆ ಸುತ್ತಿನಲ್ಲಿ ಇರಲಿಲ್ಲ.

ಆ ಎಳೆತಕ್ಕೆ ಬಂಡೆಯೂ ಬಿರಿಯಬೇಕು. ಬೇರಿಂಗಿಗಾದರೋ ಕೂದಲೆಳೆಯಷ್ಟು ಸಡಿಲ ಬೇಕು. ಚಕ್ರ ತಿರುಗಿಸುತ್ತ ಬಿಗಿಯಬೇಕು, ಆಮೇಲೆ ಚೂರು ಬಿಡಬೇಕು. ಬಿಡದಿದ್ದರೆ ಉರುಳೆ ಕಾಯುತ್ತದೆ, ಗ್ರೀಸು ಕರಗಿ ಹರಿಯುತ್ತದೆ, ಕೊನೆಗೆ ಹಬ್ಬು ಹಿಡಿದುಕೊಂಡು ಚಕ್ರವೇ ಕಿತ್ತು ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಳಿಯ ಇದನ್ನು ಹೇಳಿಯೂ ನೋಡಿದ್ದ. "ಸ್ಕೂಲನ್ನೇ ಅರ್ಧಕ್ಕೆ ಬಿಟ್ಟೋನು ನನಗೆ ಪಾಠ ಮಾಡ್ತಾನೆ ನೋಡ್ರೋ," ಅಂದಿದ್ದ ಮಾವ. ಗೋರ್ಕಲ್ಲ ಮೇಲೆ ಎಷ್ಟು ಮಳೆ ಸುರಿಸುವುದು? ಅಂದಿನಿಂದ ಅವನು ಬಾಯಿ ಮುಚ್ಚಿಕೊಂಡ. ಮಾವ ಕೈ ತೊಳೆಯಲು ಹೋದ ಕೂಡಲೇ ಪಿನ್ನು ಕಿತ್ತು, ನಟ್ಟನ್ನು ಒಂದು ಹಲ್ಲಿನಷ್ಟು ಸಡಿಲಿಸಿ, ಪಿನ್ನು ಹಾಕಿ, ಮುಚ್ಚಳ ಬಡಿದುಬಿಡುತ್ತಿದ್ದ. ಹಬ್ಬುಗಳು ತಣ್ಣಗೆ ಓಡಿದವು. ಹೆಸರು ಮಾವನ ಕೈಗೆ ಬಂತು.

ಇವತ್ತು ನಲ್ಲಿಯಲ್ಲಿ ನೀರಿರಲಿಲ್ಲ. ಮಾವ ಹೋದ ಕಾಲಲ್ಲೇ ವಾಪಸು ಬಂದ.

"ಸರಿ ಆಚೆಗೆ!" ಮಾವ ಪಾನಾ ಕಿತ್ತುಕೊಂಡು, ಪೈಪು ಸಿಕ್ಕಿಸಿ, ಸಿಟ್ಟನ್ನೂ ಸೇರಿಸಿ ಎಳೆದ.

"ಮಾವ, ಕಾಯುತ್ತೆ."

"ನಿನ್ನ ತಲೆ ಕಾದಿದೆ. ಹೋಗಿ ತಣ್ಣೀರು ಸುರ್ಕೋ."

"ನಲ್ಲೀಲಿ ನೀರಿಲ್ಲ," ಅಂದ ವೆಲ್ಡರ್. ಎಲ್ಲರೂ ಹೋ ಎಂದು ನಕ್ಕರು.

ಆ ಟ್ರೇಲರು ಅಳಿಯನ ಅಕ್ಕನ ಗಂಡನದು, ಅವನೂ ಅಲ್ಲೇ ನಿಂತಿದ್ದ. ಅಳಿಯ ಅವನತ್ತ ತಿರುಗಿದ. "ಭಾವ, ನೀವಾದ್ರೂ ಕೇಳಿ."

"ಏನು ಕೇಳೋದು? ಇಷ್ಟು ವರ್ಷದಲ್ಲಿ ಮಾವ ಬಿಗಿದ ಹಬ್ಬು ಒಂದಾದ್ರೂ ಕೆಟ್ಟಿದ್ಯಾ? ಹೇಳು ನೋಡೋಣ."

ಅಳಿಯನಿಗೆ ತಲೆಯನ್ನು ಆಕ್ಸಲಿಗೇ ಚಚ್ಚಿಕೊಳ್ಳಬೇಕು ಅನ್ನಿಸಿತು. ಕೆಡದ ಹಾಗೆ ನೋಡಿಕೊಂಡಿದ್ದು ತಾನು. ಈಗ ಅದನ್ನೇ ತಂದು ತನ್ನ ಬಾಯಿಗೆ ತುರುಕುತ್ತಿದ್ದಾರೆ. ಸುಟ್ಟುಹೋಗಲಿ, ಆಗಲಾದರೂ ಬುದ್ಧಿ ಬರಲಿ ಎಂದುಕೊಂಡ. ಭಾವ ಗಾಡಿ ಹೊರಡಿಸಿದ. ಮೇಲೆ ಸಿಮೆಂಟಿನ ಪೈಪುಗಳ ರಾಶಿ, ಮುಂದೆ ಉದ್ದಾನುದ್ದ ಇಳಿಜಾರು. ಬುದ್ಧಿ ಬರುವ ಹೊತ್ತಿಗೆ ಭಾವ ಇರಬೇಕಲ್ಲ! ಅಳಿಯ ತನ್ನನ್ನು ತಾನೇ ಬೈದುಕೊಳ್ಳುತ್ತ ಜಾಕನ್ನೂ ಪಾನಾವನ್ನೂ ಬಾಚಿಕೊಂಡು ಓಡಿ ಕ್ಯಾಬಿನ್ನಿಗೆ ಹತ್ತಿದ.

"ಇಳಿಯೋ. ನಿಮ್ಮಕ್ಕನ ಮುಖ ನೋಡಿ ಸುಮ್ನಿದ್ದೀನಿ."

"ಇಳಿಜಾರಿಗೆ ಮುಂಚೆ ಒಂದೇ ಒಂದ್ಸಲ ನಿಲ್ಸಿ. ಹಬ್ಬಿನ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ರೆ ನಡ್ಕೊಂಡೇ ವಾಪಸ್ ಹೋಗ್ತೀನಿ."

"ನಡ್ಕೊಂಡಲ್ಲ, ಓಡ್ಕೊಂಡು ಹೋಗ್ಬೇಕು."

ಇಳಿಜಾರಿನ ನೆತ್ತಿಯಲ್ಲಿ ಭಾವ ಬೈಯುತ್ತಲೇ ನಿಲ್ಲಿಸಿದ. ಬಾಗಿಲು ತೆರೆದರೆ ಕರಟಿದ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಆದರೂ ಹಟ ನೋಡಿ, ಭಾವ ನೇರ ಹೋಗಿ ಅಂಗೈಯನ್ನು ಪೂರ್ತಿ ಹಬ್ಬಿನ ಮೇಲಿಟ್ಟ.

"ಅಯ್ಯಯ್ಯಯ್ಯೋ!"

"ತಣ್ಣಗಿದ್ಯಾ, ಭಾವ?"

ಭಾವ ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ರಸ್ತೆಯಲ್ಲೇ ಕುಣಿದ. ಅಳಿಯ ಹಬ್ಬು ಆರುವ ತನಕ ಕಾದು, ಜಾಕು ಏರಿಸಿ, ನಟ್ಟು ಸಡಿಲಿಸಿದ. ಹೊರಗಿನ ಬೇರಿಂಗಿನ ಉರುಳೆಗಳು ಕಾವಿಗೆ ನೀಲಿಗಟ್ಟಿದ್ದವು. ಇಬ್ಬರೂ ಆಮೆಯ ನಡಿಗೆಯಲ್ಲಿ ಶೆಡ್ಡಿಗೆ ಮರಳಿದರು.

ಬಿಚ್ಚಿದ ಬೇರಿಂಗನ್ನು ಮಾವ ತಿರುಗಿಸಿ ಮುರುಗಿಸಿ ನೋಡಿದ. ಸುತ್ತ ಅದೇ ಡ್ರೈವರುಗಳು, ಅದೇ ವೆಲ್ಡರ್.

"ಗ್ರೀಸಿಗೆ ಜಿಪುಣತನ ಮಾಡಿದ್ದಾನೆ, ಇನ್ನೇನು."

"ಗ್ರೀಸು ಬೇಕಾದಷ್ಟಿತ್ತು ಮಾವ, ಕರಗಿ ಟೈರಿನ ಮೇಲೆಲ್ಲ ಹರಿದಿದೆ ನೋಡಿ," ಭಾವ ಬೊಬ್ಬೆ ಎದ್ದ ಅಂಗೈ ಹಿಡಿದುಕೊಂಡೇ ಅಂದ. "ಇಷ್ಟು ವರ್ಷ ಒಂದೂ ಕಾಯ್ಲಿಲ್ಲ. ಇವತ್ತು ಇವನು ಕೈ ಹಾಕೋಕೆ ನೀವು ಬಿಡ್ಲಿಲ್ಲ, ಇವತ್ತೇ ಕಾದಿದೆ. ಇದೇನು ಲೆಕ್ಕ?"

ಯಾರೂ ನಗಲಿಲ್ಲ. ಒಬ್ಬೊಬ್ಬ ಡ್ರೈವರೂ ಅಂಗಳದಲ್ಲಿ ನಿಂತ ತನ್ನ ತನ್ನ ಟ್ರೇಲರಿನ ಚಕ್ರಗಳ ಕಡೆ ನೋಡಿದ.

ಮಾವನ ದನಿ ತಗ್ಗಿತು. "ಇವತ್ತೊಂದೇ ದಿನ ತಾನೇ ನೀನು ಸಡಿಲ ಮಾಡೋಕೆ ಹೋಗಿದ್ದು? ಹೌದು ಅನ್ನೋ. ಎಲ್ರ ಮುಂದೆ ಹೇಳು."

ಕೇಳುತ್ತಿದ್ದುದು ಭಿಕ್ಷೆ, ಕೇಳುವ ಗತ್ತು ದೊರೆಯದು. ಹೌದು ಅಂದರೆ ಮಾವನ ಕೈ ಉಳಿಯುತ್ತದೆ, ತಾನು ಉಂಡ ಮನೆಯ ದ್ರೋಹಿಯಾಗಿಯೇ ಉಳಿಯುತ್ತಾನೆ. ಇಲ್ಲ ಅಂದರೆ ಮಾವ ಈ ಅಂಗಳದಲ್ಲಿ ಮತ್ತೆ ತಲೆ ಎತ್ತುವಂತಿಲ್ಲ. ಕಾಲಿಗೆ ಬೀಳುವಾಗಲೂ ಈ ಮನುಷ್ಯ ಒದ್ದುಕೊಂಡೇ ಬೀಳುತ್ತಾನಲ್ಲ ಅನ್ನಿಸಿ ಅಳಿಯನಿಗೆ ರೇಗಿ ಹೋಯಿತು.

ಅವನು ಹಬ್ಬು ತೊಳೆದ. ಹೊಸ ಬೇರಿಂಗಿಗೆ ಗ್ರೀಸು ತುಂಬಿ ಕೂರಿಸಿದ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ನಟ್ಟು ಬಿಗಿದ. ಆಮೇಲೆ, ಅಷ್ಟೂ ಕಣ್ಣುಗಳ ಎದುರಿಗೆ, ಅದನ್ನು ಒಂದು ಹಲ್ಲಿನಷ್ಟು ಬಿಟ್ಟು ಪಿನ್ನು ಹಾಕಿದ. ಮಾವ ಅಡ್ಡ ಬರಲಿಲ್ಲ.

"ಕೇಳಿದ್ದು ಕಿವಿಗೆ ಬೀಳ್ಲಿಲ್ವೇನೋ, ಕತ್ತೆ? ಹೌದೋ, ಅಲ್ವೋ?"

ಅಳಿಯ ಮುಚ್ಚಳ ಬಡಿದು ಎದ್ದ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ದಾರಿ ಬಿಟ್ಟ ಡ್ರೈವರುಗಳ ನಡುವೆ ಹಾದು, ಗೇಟು ದಾಟಿ ರಸ್ತೆಗಿಳಿದ.